ಗಾಜಿನ ಕಪಾಟಿನ ಡಾಟ್ಸನ್

ಸಾಸ್ತಾನ
೧೨-೨-೧೯೭೨

ಪ್ರೀತಿಯ ಚಂದಯ್ಯ ಮಾವನಿಗೆ, ನಿಮ್ಮ ಸೊಸೆ ಸರಸ ಮಾಡುವ ನಮಸ್ಕಾರಗಳು.

ನಿಮ್ಮ ಕೆಮ್ಮು ಹೇಗಿದೆ? ಬೊಂಬಾಯಿ ಹೋಟೆಲಿನ ಹೊಗೆಯಲ್ಲೇ ನಿಂತಿರಬೇಡಿ, ಕಾಳುಮೆಣಸಿನ ಕಷಾಯ ಕುಡಿಯಿರಿ. ಇಲ್ಲಿ ನಾವೆಲ್ಲ ಸೌಖ್ಯ. ಅಯ್ಯೋ, ನನಗೆ ತಡೆಯಲಾಗುತ್ತಿಲ್ಲ ಮಾವ, ನಿನ್ನೆ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು! ನಮ್ಮಲ್ಲಿ ಹೆಣ್ಣು ಕೊಡುವ ವಿಷಯಕ್ಕೆ ಅಪ್ಪಯ್ಯನ ಮಾತು ನಡೆಯುವುದಿಲ್ಲ, ಸೋದರಮಾವ ಹೂಂ ಅನ್ನಬೇಕು. ಅದಕ್ಕೇ ನಿಮಗೆ ಎಲ್ಲವನ್ನೂ ಬಿಡದೆ ಬರೆಯುತ್ತಿದ್ದೇನೆ.

ಮೊದಲು ಆಟಿಕೆ ಕಾರಿನ ಕಥೆ. ಜಪಾನಿ ಹಡಗಿನವರಿಂದ ಕೊಂಡು ನೀವು ಕಳಿಸಿದ ಪೆಟ್ಟಿಗೆ ತೆರೆದರೆ ಒಳಗೆ ಬರೀ ಪ್ಲಾಸ್ಟಿಕ್ಕಿನ ಚೂರುಗಳು. ದಾರಿಯಲ್ಲಿ ಒಡೆದುಹೋಯಿತೆಂದು ಅಪ್ಪಯ್ಯ ಅಂಚೆಯವನಿಗೆ ಬೈದದ್ದೇ ಬೈದದ್ದು. ಜೋಡಿಸಿದರೆ ಕಾರಾಗುತ್ತದೆ ಎಂದು ಚಿತ್ರದ ಹಾಳೆ ನೋಡಿ ನನಗೆ ಗೊತ್ತಾಯಿತು. ಆದರೆ ಅಂಟು? ನೀವು ಯಾವಾಗಲೂ ನೋವಿನ ಮುಲಾಮು ಕಳಿಸುವವರಲ್ಲವೇ, ಪೆಟ್ಟಿಗೆಯಲ್ಲಿದ್ದ ಟ್ಯೂಬನ್ನು ಅಮ್ಮ ಆಗಲೇ ಮಂಡಿಗೆ ಹಚ್ಚಿಕೊಂಡಿದ್ದಳು! “ಅಯ್ಯಬ್ಬಾ, ಎಂತಾ ಮುಲಾಮ್ ಮಾರಾಯ್ತಿ ಇದ್, ಸೀರಿ ಬಿಡುದೇ ಇಲ್ಲ!” ಎಂದು ಕೂಗಿದಾಗಲೇ ಅದು ಅಂಟು ಅಂತ ತಿಳಿದದ್ದು. ಉಳಿದಷ್ಟರಲ್ಲೇ ಬಾಗಿಲು, ಎಂಜಿನ್ನು, ಕಡ್ಡಿಯಷ್ಟು ಸಣ್ಣ ಪೈಪು ಎಲ್ಲ ಕೂರಿಸಿದೆ. ಕೆಂಪು ಡಾಟ್ಸನ್, ಬಾನೆಟ್ಟೂ ತೆರೆಯುತ್ತದೆ! ಗಾಜಿನ ಕಪಾಟಿನಲ್ಲಿ ಮಣಿಯ ಗಿಳಿಯ ಪಕ್ಕ ಇಟ್ಟಿದ್ದೇನೆ.

ಹೆಣ್ಣು ನೋಡುವಾಗ ಕೈಕೆಲಸ ತೋರಿಸುವುದು ಇದ್ದೇ ಇದೆಯಲ್ಲ. ಗಂಡಿನ ತಾಯಿ ಕಪಾಟಿನ ಮುಂದೆ ನಿಂತು, “ಇದ್ರೊಳ್ಗೆ ಹೆಣ್ ಮಾಡಿದ್ ಯಾವ್ದ್?” ಎಂದು ಕೇಳಿದರು. ಅಮ್ಮ ಒಂದು ಚೂರೂ ಅಳುಕದೆ ಗಿಳಿ ತೋರಿಸಿದಳು. ನನ್ನ ಬಾಯಿ ಸುಮ್ಮನಿರಬೇಕಲ್ಲ! “ಗಿಳಿ ದೊಡ್ಡಮ್ಮನ ಮಗಳು ವನಜಕ್ಕಂದ್. ಆ ಕಾರ್ ನಾನ್ ಮಾಡಿದ್ದ್” ಅಂದುಬಿಟ್ಟೆ. ಅಮ್ಮ ಹಿಂದಿನಿಂದ ನನ್ನ ಜಡೆ ಜಗ್ಗಿದಳು. ಗಂಡು ಮಾತ್ರ ಉಪ್ಪಿಟ್ಟಿನ ತಟ್ಟೆ ಬಿಟ್ಟು ಎದ್ದರು. ಹೆಸರು ಪ್ರೇಮಾನಂದ, ಕುಂದಾಪುರದ ಗರಾಜಿನಲ್ಲಿ ಬಸ್ಸು ರಿಪೇರಿ ಮಾಡುತ್ತಾರೆ. “ಬಾನೆಟ್ ತೆಗುಕ್ ಆತ್ತಾ?” ಎಂದು ಕೇಳಿ, ಒಳಗೆ ಇಣುಕಿ, ಪೈಪು ಹಿಂದುಮುಂದಾಗಿದೆ ಎಂದರು. ನನಗೆ ಸಿಟ್ಟು ಬಂತು. ಹಾಳೆ ತಂದು ಮುಖದೆದುರು ಹಿಡಿದೆ. ನೋಡಿದರು, ಮತ್ತೆ ನೋಡಿದರು, ಕೊನೆಗೆ ಎಲ್ಲರ ಎದುರಿಗೇ ನಗುತ್ತಾ, “ಹೌದ್, ನಂದೇ ತಪ್ಪ್” ಎಂದರು. ತಪ್ಪು ಒಪ್ಪಿಕೊಳ್ಳುವ ಗಂಡಸನ್ನು ನಾನು ನೋಡಿದ್ದು ಇದೇ ಮೊದಲು ಮಾವ. ನೀವೊಬ್ಬರನ್ನು ಬಿಟ್ಟು ಎಂದು ಬರೆಯೋಣವೆಂದರೆ, ನೀವೂ ಒಪ್ಪಿಕೊಳ್ಳುವವರಲ್ಲ!

ಅತ್ತೆಗೆ ನಮಸ್ಕಾರ, ಮಕ್ಕಳಿಗೆ ನನ್ನ ಮುತ್ತು. ಕಷಾಯ ಮರೆಯಬೇಡಿ.

ನಿಮ್ಮ ಬಾಯಿಬಡುಕಿ,
ಸರಸ

ತಾ.ಕ.: ಈ ಕಾಗದ ಒಯ್ಯಲು ಅಂಚೆಯವ ಅಂಗಳದಲ್ಲಿ ನಿಂತಿದ್ದಾನೆ. ಅಮ್ಮನಿಗೆ ಈ ಸಂಬಂಧ ಬೇಡವಂತೆ. “ಉಗುರ್ ತುಂಬ ಗ್ರೀಸ್, ಅವ್ನಿಗ್ ಹೆಣ್ ಕೊಡುದಾ?” ಎನ್ನುತ್ತಾಳೆ, ನಿಮಗೂ ಹಾಗೆಯೇ ಬರೆಸುತ್ತಾಳೆ. ಕಾಫಿ ಕೊಡುವಾಗ ಅವರ ಉಗುರನ್ನು ನಾನೂ ನೋಡಿದೆ ಮಾವ. ಅವರೂ ನನ್ನದನ್ನು ನೋಡಿದರು, ಕಾರಿನ ಎಂಜಿನ್ನಿಗೆ ಬಳಿದ ಕಪ್ಪು ಬಣ್ಣ ಇನ್ನೂ ಹೋಗಿರಲಿಲ್ಲ. ನನಗೆ ಅವರೇ ಬೇಕು. ಹೂಂ ಅನ್ನಿ.