ಹಿಂದಿನ ಸೀಟಿನ ಭಾರ

ಜನವರಿ ೯, ಮಧ್ಯಾಹ್ನ

ಬೆಳಗಿನಿಂದ ಬರೀ ಜಲ್ಲಿ ಲಾರಿಗಳು. ಬರುತ್ತವೆ, ಕಟ್ಟೆ ಹತ್ತುತ್ತವೆ, ಅಂಕಿ ಬೀಳುತ್ತದೆ, ಚೀಟಿ ಹರಿದು ಕೊಡುತ್ತೇನೆ, ಇಳಿದು ಹೋಗುತ್ತವೆ. ಲಾರಿ ತೂಗುವ ಈ ವೇಬ್ರಿಡ್ಜಿನ ಗಾಜಿನ ಗೂಡಿನಲ್ಲಿ ಕೂತು ಕೂತು ನನ್ನ ಕಣ್ಣೇ ತಕ್ಕಡಿಯಾಗಿದೆ. ಗೇಟು ದಾಟುವಷ್ಟರಲ್ಲಿ ಲಾರಿಯ ತೂಕ ಹೇಳಬಲ್ಲೆ. ಪಂದ್ಯ ಕಟ್ಟಿ ಸೋತ ಡ್ರೈವರುಗಳು ಎಷ್ಟೋ ಜನ. ಇವತ್ತೂ ಒಬ್ಬ ಕೇಳಿದ. ಹೇಳಿದೆ. ಎರಡು ಟನ್ ತಪ್ಪಿತು.

'ಏನಣ್ಣಾ, ಕಣ್ಣು ಮಂಜಾಯ್ತಾ?'

'ನಿನ್ನ ಮುಖ ನೋಡಿದೆ ನೋಡು, ಲೆಕ್ಕ ತಪ್ತು.'

ಅವನು ನಕ್ಕ. ನಾನೂ ನಕ್ಕೆನೋ ಇಲ್ಲವೋ... ನೆನಪಿಲ್ಲ.

ಅಕ್ಕ ತೀರಿಕೊಂಡ ಮೇಲೆ ಹೀಗೇ. ಊಟ ಮಾಡುತ್ತೇನೆ, ಉಪ್ಪಿತ್ತೇ ಎಂದು ಕೇಳಿದರೆ ಗೊತ್ತಿಲ್ಲ. ಅತ್ತಿಲ್ಲ. ತಡೆದುಕೊಂಡದ್ದೂ ಅಲ್ಲ, ಬರಲೇ ಇಲ್ಲ. ಬಹಳ ಹೊತ್ತು ಚಕ್ಕಳಮಕ್ಕಳ ಹಾಕಿ ಕೂತರೆ ಕಾಲು ಜೋಮು ಹಿಡಿಯುತ್ತದಲ್ಲ, ಮುಟ್ಟಿದರೆ ಬೇರೆ ಯಾರದ್ದೋ ಕಾಲು ಅನ್ನಿಸುತ್ತದೆ. ಅಷ್ಟೇ.

ಜನವರಿ ೧೧, ಭಾನುವಾರ

ಪುಟ್ಟಿ ಭಾವನ ಬೈಕಿನ ಕೀ ಬಚ್ಚಿಟ್ಟಿದ್ದಾಳೆ. ಪುಟ್ಟಿ ಎಂದರೆ ಅಕ್ಕನ ಮಗಳು, ಔಷಧಿ ಅಂಗಡಿಯಲ್ಲಿ ಕೆಲಸ, ನನಗಿಂತ ಒಂದು ಗೇಣು ಎತ್ತರ, ಆದರೂ ಪುಟ್ಟಿಯೇ.

ಆಗಿದ್ದು ಇಷ್ಟು. ಭಾವ ಮೊನ್ನೆ ಮಧ್ಯಾಹ್ನ ಗಾಡಿ ತೆಗೆದುಕೊಂಡು ಹೋದವರು ಸಂಜೆಯಾದರೂ ಬರಲಿಲ್ಲ. ನಾನೇ ಹುಡುಕಿಕೊಂಡು ಹೋದೆ. ಹೆದ್ದಾರಿಯ ಮಧ್ಯದ ಪಟ್ಟೆಯಲ್ಲೇ ಗಾಡಿ ನಿಂತಿತ್ತು. ಭಾವ ಅದರ ಮೇಲೆ ಕೂತಿದ್ದರು. ಎರಡೂ ಪಕ್ಕದಲ್ಲಿ ಲಾರಿಗಳು ಹಾರ್ನ್ ಬಾರಿಸುತ್ತಾ ಹೋಗುತ್ತಿವೆ. ಪೆಟ್ರೋಲ್ ಮುಗಿದಿದೆ. ಮುಗಿದದ್ದು ಅವರಿಗೆ ಗೊತ್ತೇ ಆಗಿಲ್ಲ.

'ಭಾವ, ತಳ್ಕೊಂಡ್ ಪಕ್ಕಕ್ಕಾದ್ರೂ ಬರಬಾರ್ದಿತ್ತಾ?'

'ಹೂಂ,' ಅಂದರು.

ಪುಟ್ಟಿ ಹೇಳುತ್ತಾಳೆ, ಇನ್ನೊಂದು ಸಲ ಹೋದರೆ ಅಪ್ಪ ವಾಪಸ್ ಬರಲ್ಲ ಮಾವ, ಅಂತ. ಹೇಳುವಾಗ ಅಳುತ್ತಿದ್ದಳು. ನೋಡುತ್ತಾ ನಿಂತಿದ್ದೆ. ಟವೆಲ್ ಕೊಟ್ಟೆ.

ಜನವರಿ ೧೪

ಭಾವ ಹೊಲಿಗೆ ಮಿಷನ್ ರಿಪೇರಿಯ ಅಂಗಡಿ ತೆರೆಯುತ್ತಿಲ್ಲ. ಮನೆಯ ಮೂಲೆಯ ಕುರ್ಚಿಯಲ್ಲಿ ಕೂತಿರುತ್ತಾರೆ. ನಾನು ಮಹಡಿಯ ನನ್ನ ಕೋಣೆಯಿಂದ ಇಳಿದು ಬಂದರೂ, ಹತ್ತಿ ಹೋದರೂ ಅವರಿಗೆ ಒಂದೇ.

ಇವತ್ತು ಪುಟ್ಟಿಗೆ ಹೇಳಿದೆ. ಅಪ್ಪನನ್ನು ಕರೆದುಕೊಂಡು ಹೊರಡುತ್ತೇನೆ. ಎರಡು ಗಾಡಿ. ಟೆಂಟ್ ಹಾಕಿಕೊಂಡು, ಅಲ್ಲಲ್ಲೇ ಅಡುಗೆ ಮಾಡಿಕೊಂಡು. ಉತ್ತರದ ಬೋಳು ಬೆಟ್ಟಗಳ ನಡುವೆ ಒಂದು ಸರೋವರವಿದೆ, ಅದರ ತನಕ.

'ನಿನಗೆ ತಲೆ ಕೆಟ್ಟಿದೆಯಾ ಮಾವ? ಕೀ ಬಚ್ಚಿಟ್ಟಿದೀನಿ ಅಂತಿದೀನಿ, ನೀನು ಸಾವಿರ ಮೈಲಿ ಅಂತೀಯ.'

'ಕುರ್ಚಿಯಿಂದ ಮಾತ್ರ ವಾಪಸ್ ಬರ್ತಾರಾ ನಿಮ್ಮಪ್ಪ? ಅಲ್ಲೂ ಪೆಟ್ರೋಲ್ ಮುಗಿದೇ ಕೂತಿರೋದು.'

ಮೂಲೆಯ ಕುರ್ಚಿಯ ಕಡೆ ನೋಡಿದಳು. ಕೀ ಮಾತ್ರ ಕೊಡಲಿಲ್ಲ. 'ಮೊದಲು ತಯಾರಿ ಮಾಡು. ಅಪ್ಪ ಹೇಗಿರ್ತಾರೆ ನೋಡ್ತೀನಿ. ಆಮೇಲೆ ಹೇಳ್ತೀನಿ.'

ಮ್ಯಾಪು ಹರಡಿದೆ. ಊರ ಶಾಲೆಯಲ್ಲಿ ಭೂಗೋಳದಲ್ಲಿ ನಾನೇ ಫಸ್ಟು. ಮೇಷ್ಟ್ರು ಕೋಲು ನನ್ನ ಕೈಗೇ ಕೊಟ್ಟು ತೋರಿಸು ಅನ್ನುತ್ತಿದ್ದರು. ದಾರಿ ಹುಡುಕುವುದು ಕಷ್ಟವಲ್ಲ. ಅಕ್ಕ ಹೋಗಿರದ ದಾರಿ ಹುಡುಕುವುದು ಕಷ್ಟ. ಅಕ್ಕ ಭಾವ ಇಬ್ಬರೂ ಆ ಗಾಡಿಯಲ್ಲಿ ಸುತ್ತದ ಊರಿಲ್ಲ. ಪುಟ್ಟಿ ಪಕ್ಕದಲ್ಲಿ ಕೂತು, ಇಲ್ಲಿಗೆ ಹೋಗಿದ್ರು, ಇಲ್ಲಿಗೂ ಹೋಗಿದ್ರು, ಈ ಸೇತುವೆ ಹತ್ರ ಪಂಕ್ಚರ್ ಆಗಿತ್ತು ಎಂದು ಬೆರಳಿಡುತ್ತಾ ಹೋದಳು. ಕೊನೆಗೆ ಪಶ್ಚಿಮದ ಕಡೆಯಿಂದ ಸುತ್ತಿ ಹೋಗುವುದೆಂದಾಯಿತು.

ಜನವರಿ ೨೦, ಸಂಜೆ

ಟೆಂಟ್ ತಂದೆ. ಅಂಗಡಿಯವನು, 'ಕ್ಯಾಂಪಿಂಗ್ ಅಭ್ಯಾಸ ಇದೆಯಾ ಸಾರ್?' ಅಂದ. ಮರಳುಗಾಡಿನಲ್ಲಿ ಆರು ತಿಂಗಳು ಟೆಂಟಿನಲ್ಲೇ ಇದ್ದವನು ನಾನು, ಅಂದೆ. ನಂಬಿದ. ಎರಡು ಸ್ಲೀಪಿಂಗ್ ಬ್ಯಾಗು, ಒಂದು ಪುಟ್ಟ ಗ್ಯಾಸ್ ಸ್ಟವ್, ತಲೆಗೆ ಕಟ್ಟಿಕೊಳ್ಳುವ ಟಾರ್ಚು ಕೂಡ ಹಾಕಿಸಿಕೊಂಡೆ. ಮರಳುಗಾಡಿನವರೆಂದು ಟಾರ್ಚಿನ ಬ್ಯಾಟರಿ ಪುಕ್ಕಟೆ ಕೊಟ್ಟ.

ಟೆರೇಸಿನ ಮೇಲೆ ಟೆಂಟ್ ಹಾಕಿ ತೋರಿಸಿದೆ. ಒಬ್ಬನೇ, ಯಾರ ಸಹಾಯವೂ ಇಲ್ಲದೆ. ಎರಡು ಕೋಲು ಉಳಿದವು. ಕಂಪನಿಯವರು ಹೆಚ್ಚಿಗೆ ಕೊಟ್ಟಿರಬೇಕು ಅಂದೆ. ಒಳಗೆ ಹೋಗಿ ಕೂತೆ, ಇಡೀ ಟೆಂಟು ನಿಧಾನಕ್ಕೆ ತಲೆಯ ಮೇಲೆ ಕುಸಿಯಿತು. ಪುಟ್ಟಿ ಹೊಟ್ಟೆ ಹಿಡಿದುಕೊಂಡು ನಗುತ್ತಿರುವುದು ಒಳಗಿನಿಂದಲೇ ಕೇಳುತ್ತಿತ್ತು. ಬಟ್ಟೆಯೊಳಗೆ ಹಾಗೇ ಮಲಗಿದ್ದೆ. ಏಳಬೇಕು ಅನ್ನಿಸಲಿಲ್ಲ. ನೀಲಿ ಬೆಳಕು. ಚೆನ್ನಾಗಿತ್ತು.

ಯಾರೋ ಬಟ್ಟೆ ಎತ್ತಿದರು. ಭಾವ. ಉಳಿದಿದ್ದ ಎರಡು ಕೋಲನ್ನು ಅಡ್ಡಡ್ಡ ಹಾಕಿ ಸಿಕ್ಕಿಸಿದರು. ಟೆಂಟು ಎದ್ದು ನಿಂತಿತು. ಇಳಿದು ಹೋದರು. ಆದರೆ ಮೆಟ್ಟಿಲು ಹತ್ತಿ ಬಂದಿದ್ದರಲ್ಲ.

ಜನವರಿ ೨೪

ಭಾವ ಅಂಗಡಿಯ ಬಾಗಿಲು ಅರ್ಧ ತೆರೆದು, ದಪ್ಪ ಕ್ಯಾನ್ವಾಸ್ ಹೊಲಿಯುವ ಮಿಷನ್ನಿಗೆ ಎಣ್ಣೆ ಬಿಟ್ಟರು. ಗಾಡಿಯ ಎರಡೂ ಪಕ್ಕಕ್ಕೆ ತೂಗುಬಿಡುವ ಬ್ಯಾಗುಗಳಿಗೆ ಪಟ್ಟಿ ಹೊಲಿದರು. ಕೊಂಡಾಗ ಇದ್ದ ಪಟ್ಟಿಯೇ ಸಾಕು ಅಂದಿದ್ದೆ ನಾನು. ಅದರ ಹೊಲಿಗೆಯನ್ನು ಉಗುರಿನಿಂದ ಎಳೆದು ತೋರಿಸಿದರು. ಬಿಚ್ಚಿತು.

'ಮೊದಲನೇ ಗುಂಡಿಗೇ ಬಿದ್ದೋಗತ್ತೆ,' ಅಂದರು. ಇಷ್ಟುದ್ದದ ಮಾತು ಬಹಳ ದಿನದ ಮೇಲೆ.

ಅವರೇ ಪ್ಯಾಕ್ ಮಾಡುತ್ತಾರೆ. ಭಾರದ್ದು ಕೆಳಗೆ, ಟೂಲ್ಸು, ಟ್ಯೂಬು, ಸ್ಟವ್. ಹಗುರದ್ದು ಮೇಲೆ. ಮಳೆಕೋಟು ಎಲ್ಲಕ್ಕಿಂತ ಮೇಲೆ, ಕೈ ಹಾಕಿದರೆ ಸಿಗಬೇಕು. ಎಡಬಲ ಸಮ ಇರಬೇಕೆಂದು ಎರಡೂ ಕೈಯಲ್ಲಿ ಒಂದೊಂದು ಬ್ಯಾಗು ಎತ್ತಿ ಹಿಡಿದು, ಕಣ್ಣು ಮುಚ್ಚಿ ನೋಡುತ್ತಾರೆ. ನಾನಿರುವಾಗ ಕೈಯಳತೆ ಏಕೆ, ಬನ್ನಿ ಎಂದು ಬ್ಯಾಗುಗಳನ್ನು ವೇಬ್ರಿಡ್ಜಿಗೆ ಹೊತ್ತುಕೊಂಡು ಹೋದೆ. ಮರೆತಿದ್ದೆ, ಅದು ಹತ್ತು ಕಿಲೋಗಿಂತ ಕಡಿಮೆಯ ಲೆಕ್ಕ ಹಿಡಿಯುವುದಿಲ್ಲ. ಎರಡು ಬ್ಯಾಗೂ ಸೊನ್ನೆ. ಸರಿಸಮ ಇದೆ ಭಾವ, ಎಂದು ವರದಿ ಒಪ್ಪಿಸಿದೆ.

ಪುಟ್ಟಿ ರಾತ್ರಿ ಊಟಕ್ಕೆ ಕೂತಾಗ ಅಪ್ಪನ ತಟ್ಟೆ ನೋಡಿದಳು. ಖಾಲಿಯಾಗಿತ್ತು.

ಜನವರಿ ೨೭

ಕೆಡಿಸಿದೆ.

ಭಾವ ಒಳಗೆ ಸ್ನಾನಕ್ಕೆ ಹೋಗಿದ್ದರು. ಅವರ ಗಾಡಿಗೆ ಬ್ಯಾಗು ತೂಗುಹಾಕಿ ನೋಡೋಣವೆಂದು ಹೊರಗೆ ಬಂದೆ. ಹಿಂದಿನ ಸ್ಪ್ರಿಂಗು ಬಹಳ ಬಿಗಿ ಇದೆ ಅನ್ನಿಸಿತು. ಇಬ್ಬರು ಕೂರುವಾಗ ಬಿಗಿ ಬೇಕು, ಒಬ್ಬರಿಗೆ ಬೇಡ. ಅಷ್ಟು ನನಗೂ ಗೊತ್ತು. ಸ್ಪ್ರಿಂಗಿನ ಬುಡದ ಬಳೆಗೆ ಸ್ಪ್ಯಾನರ್ ಕೊಟ್ಟು ತಿರುಗಿಸಿದೆ, ಎರಡೂ ಕಡೆ. ಬಳೆಯ ಹಲ್ಲು ಒಂದೊಂದೇ ಜಾರಿ ಕೆಳಗಿಳಿಯಿತು, ಸ್ಪ್ರಿಂಗು ಸಡಿಲವಾಯಿತು. ಸಾಮಾನಿನ ಭಾರ ಇರುತ್ತದಲ್ಲ ಎಂಬುದೂ ಆಗ ತಲೆಗೆ ಹೊಳೆಯಲಿಲ್ಲ. ಭಾವನಿಗೆ ಖುಷಿಯಾಗಲಿ ಎಂದು ಕಾದು ನಿಂತೆ.

ಬಂದರು. ಹೇಳಿದೆ, 'ಹಿಂದಿನ ಸ್ಪ್ರಿಂಗ್ ಲೂಸ್ ಮಾಡಿದೀನಿ ಭಾವ. ಇನ್ಮೇಲೆ ಒಬ್ರೇ ಅಲ್ವಾ.'

ಬಾಯಿಂದ ಹೊರಬಿದ್ದ ಮೇಲೆ ಕೇಳಿಸಿತು.

ಭಾವ ಹಿಂದಿನ ಸೀಟಿನ ಮೇಲೆ ಅಂಗೈ ಊರಿ ಒತ್ತಿದರು. ಮೆತ್ತಗೆ ಇಳಿಯಿತು. ಕೈ ತೆಗೆದರು. ಇನ್ನೊಂದು ಸಲ ಒತ್ತಿದರು. ಬಯ್ಯಲಿಲ್ಲ. ಬ್ಯಾಗುಗಳನ್ನು ಬಿಚ್ಚಿ ಒಳಗೆ ಒಯ್ದು, ಒಂದೊಂದೇ ಸಾಮಾನು ತೆಗೆದು ಮೇಜಿನ ಮೇಲೆ ಸಾಲಾಗಿಟ್ಟರು. ಕುರ್ಚಿಗೆ ಹೋಗಿ ಕೂತರು.

ಫೆಬ್ರವರಿ ೪

ಏನಿಲ್ಲ. ಲಾರಿಗಳು.

ಮೇಜಿನ ಮೇಲಿನ ಸ್ಟವ್, ಟ್ಯೂಬು ಸರಿಸಿ ಪುಟ್ಟಿ ಅಲ್ಲೇ ತಟ್ಟೆ ಇಡುತ್ತಾಳೆ. ಭಾವನ ತಟ್ಟೆ ಹಾಗೇ ವಾಪಸ್ ಹೋಗುತ್ತದೆ. ನನ್ನನ್ನು ಏನೂ ಅನ್ನಲಿಲ್ಲ ಅವಳು. ಅಂದಿದ್ದರೆ ಚೆನ್ನಾಗಿತ್ತು.

ಫೆಬ್ರವರಿ ೬

ಮೆಕ್ಯಾನಿಕ್‌ನನ್ನು ಕರೆತಂದೆ. ಮೊದಲಿದ್ದ ಹಾಗೇ ಮಾಡಿಬಿಡು ಅಂದೆ.

'ಎಷ್ಟನೇ ಹಲ್ಲಲ್ಲಿತ್ತು?'

ಗೊತ್ತಿಲ್ಲ. ನೋಡಿಕೊಳ್ಳದೆ ತಿರುಗಿಸಿದ್ದೆ. ಲಾರಿಯ ತೂಕ ಕಣ್ಣಲ್ಲೇ ಹೇಳುವವನು.

'ನೀನೇ ಅಲ್ವೇನಯ್ಯಾ ಸರ್ವಿಸ್ ಮಾಡೋನು?'

'ಆ ಸ್ಪ್ರಿಂಗ್ ನಾನು ಮುಟ್ಟಿದ್ರೆ ಕೈ ಕಡೀತಿದ್ರು ನಿಮ್ಮ ಭಾವ. ಅವರೇ ಸೆಟ್ ಮಾಡ್ಕೊಂಡಿದ್ದು. ಅಕ್ಕನ್ನ ಕೂರಿಸಿ, ಇಳಿಸಿ, ಕೂರಿಸಿ... ಅರ್ಧ ದಿನ ಮಾಡಿದ್ರು. ನನ್ನ ಗ್ಯಾರೇಜ್ ಮುಂದೇನೇ. ಅಕ್ಕ ಬೈತಾ ಇದ್ರು, ನಾನೇನು ಅಕ್ಕಿ ಮೂಟೆನಾ ಅಂತ.'

ಅವನು ನಗುತ್ತಾ ಹೇಳಿದ. ಆಮೇಲೆ ನನ್ನ ಮುಖ ನೋಡಿ ಸ್ಪ್ಯಾನರ್ ಒರೆಸತೊಡಗಿದ.

ಫೆಬ್ರವರಿ ೮, ಭಾನುವಾರ

ಬೆಳಿಗ್ಗೆ ಭಾವನ ಕುರ್ಚಿಯ ಮುಂದೆ ಹೋಗಿ ನಿಂತೆ. ಜಂಬ ಎಲ್ಲ ಪಕ್ಕಕ್ಕಿಟ್ಟು ಹೇಳಿದೆ. 'ಭಾವ, ನನಗೆ ವಾಪಸ್ ತಿರುಗಿಸೋಕೆ ಬರಲ್ಲ. ಎಲ್ಲಿತ್ತೋ ಗೊತ್ತಿಲ್ಲ. ನೀವೇ ಬರಬೇಕು.'

ಪುಟ್ಟಿ ಕೆಲಸಕ್ಕೆ ಹೊರಟವಳು ಬಾಗಿಲಲ್ಲೇ ನಿಂತಳು. ಕೊನೆಗೆ ಭಾವ ಎದ್ದರು. ಸ್ಪ್ಯಾನರ್ ತೆಗೆದುಕೊಂಡರು.

ಗಾಡಿ ಸ್ಟ್ಯಾಂಡಿನಿಂದ ಇಳಿಸಿ ಪುಟ್ಟಿಯನ್ನು ಮುಂದೆ ಕೂರಿಸಿದರು. 'ಬ್ರೇಕ್ ಹಿಡ್ಕೋ.' ನನಗೆ, 'ಹಿಂದೆ ಕೂತ್ಕೋ.'

ಕೂತೆ. ಭಾವ ಗಾಡಿಯ ಹಿಂದೆ ಕುಕ್ಕರಗಾಲಲ್ಲಿ ಕೂತು, ಟೈರಿಗೂ ಮಡ್‌ಗಾರ್ಡಿಗೂ ನಡುವೆ ಕೈ ತೂರಿಸಿದರು. ಅಕ್ಕ ಕೂತಾಗ ನಾಲ್ಕು ಬೆರಳು ಹಿಡಿಸುತ್ತಿತ್ತಂತೆ. ಎರಡೇ ಹೋದವು.

'ಇಳಿ.'

ಒಂದು ಹಲ್ಲು ಏರಿಸಿದರು.

'ಕೂತ್ಕೋ.'

ಮೂರು ಬೆರಳು.

'ಇಳಿ.'

ಹೀಗೆ ಹತ್ತಿ ಇಳಿದು ನನ್ನ ಮಂಡಿ ನೋಯತೊಡಗಿತು. ಪುಟ್ಟಿ ಹ್ಯಾಂಡಲ್ ಹಿಡಿದುಕೊಂಡು, 'ಮಾವ, ಉಸಿರು ಬಿಟ್ಟು ಕೂತ್ಕೋ, ಹೊಟ್ಟೆ ಒಳಗೆ ಎಳ್ಕೊಂಡ್ರೆ ತೂಕ ಕಮ್ಮಿ ಆಗಲ್ಲ' ಅಂದಳು. ಕೊನೆಗೆ ನಾಲ್ಕು ಬೆರಳಿಗಿಂತ ಒಂದಿಷ್ಟು ಜಾಸ್ತಿಯೇ ಜಾಗ ಬಂತು.

ಭಾವ ಕೆಳಗಿನಿಂದಲೇ ಹೇಳಿದರು. 'ನೀನು ಅವಳಿಗಿಂತ ಸ್ವಲ್ಪ ಕಮ್ಮಿ ಇದೀಯ.'

'ಅಕ್ಕ ನನ್ನ ಪಾಲಿಂದೂ ತಿಂತಿದ್ಲು ಭಾವ, ಚಿಕ್ಕಂದಿನಿಂದ.'

ಹೇಳಿಬಿಟ್ಟೆ. ನಂತರ ಭಾವ ಒಳಗೆ ಹೋಗಿ ಟೆಂಟಿನ ಚೀಲ ತಂದು ನನ್ನ ತೊಡೆಯ ಮೇಲಿಟ್ಟರು. ಬೆರಳು ತೂರಿಸಿದರು. ನಾಲ್ಕು. ತೆಗೆಯಲಿಲ್ಲ, ಹಾಗೇ ಇಟ್ಟುಕೊಂಡು ಕೂತರು. ನಾನು ಅಲುಗಾಡದೆ ಕೂತಿದ್ದೆ. ಅವರು ಅಳುತ್ತಿದ್ದಾರೆಂದು ಕನ್ನಡಿಯಲ್ಲಿ ಅವರನ್ನು ಕಂಡ ಪುಟ್ಟಿಯ ಬೆನ್ನು ಬಿಗಿಯಾದದ್ದು ನೋಡಿ ತಿಳಿಯಿತು. ಹಿಂತಿರುಗಿ ನೋಡಲಿಲ್ಲ. ಹಿಂತಿರುಗಿದರೆ ಭಾರ ಆಚೀಚೆ ಆಗುತ್ತಿತ್ತು.

ಫೆಬ್ರವರಿ ೯

ಭಾವ ಮೇಜಿನ ಮೇಲಿನದ್ದನ್ನೆಲ್ಲ ಮತ್ತೆ ಪ್ಯಾಕ್ ಮಾಡಿದ್ದಾರೆ. ಎರಡು ಗಾಡಿಯಲ್ಲ, ಒಂದೇ. ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ಸ್ಪ್ರಿಂಗು ಇಬ್ಬರಿಗೆ ಇಟ್ಟಾಗಿದೆ, ಅಷ್ಟೇ. ಸಾಮಾನು ಅರ್ಧ ಇಳಿಯಿತು. ಮಡಚುವ ಕುರ್ಚಿ ಹೋಯಿತು. ದೊಡ್ಡ ಪಾತ್ರೆ ಹೋಯಿತು. ನನ್ನ ಎರಡನೇ ಜೊತೆ ಶೂ ಹೋಯಿತು.

ಬೇರೆಯವರ ಬೆನ್ನಿಗೆ ಅಂಟಿಕೊಂಡು ಕೂರುವ ಆಸಾಮಿ ನಾನಲ್ಲ. ನಾಳೆ ಡ್ರೈವರುಗಳಿಗೆ ಗೊತ್ತಾದರೆ ಮುಗಿಯಿತು ಮರ್ಯಾದೆ. ಆದರೂ ನನ್ನ ಗಾಡಿಯ ಕೀ ಪುಟ್ಟಿಗೆ ಕೊಟ್ಟೆ. ಅವಳು ಭಾವನ ಗಾಡಿಯದ್ದನ್ನು ಕೈಚೀಲದಿಂದ ತೆಗೆದಳು. ಆದರೆ ಮುಷ್ಟಿ ಬಿಡಲಿಲ್ಲ.

'ಒಂದು ಮಾತು ಮಾವ. ಅಪ್ಪ ಓಡಿಸುವಾಗ ಅಮ್ಮ ಬಾಯಿ ಮುಚ್ಚಿದ್ದೇ ಇಲ್ಲ. ಬ್ರೇಕ್ ಹಿಡೀರಿ, ಎಡಕ್ಕೆ ಬನ್ನಿ, ಪೆಟ್ರೋಲ್ ನೋಡಿ, ಆ ಮರ ನೋಡಿ... ಅದನ್ನ ಕೇಳ್ಕೊಂಡೇ ಅಪ್ಪ ಓಡಿಸ್ತಿದ್ದಿದ್ದು. ಆವತ್ತು ಯಾರೂ ಹೇಳಲಿಲ್ಲ, ಅದಕ್ಕೇ ರಸ್ತೆ ಮಧ್ಯ ನಿಂತ್ರು. ನೀನು ಮಾತಾಡ್ತಾ ಇರಬೇಕು. ದಾರಿ ಪೂರ್ತಿ.'

'ಅಯ್ಯೋ, ಮಾತಾಡೋಕೆ ನನಗೆ ಹೇಳ್ಕೊಡ್ತೀಯಾ?'

'ಈಗೀಗ ಎಲ್ಲಿ ಮಾತಾಡ್ತೀಯ ನೀನು. ಬರೀ ಬಾಯಿ ಆಡಿಸ್ತೀಯ.'

ಗಮನಿಸಿದ್ದಾಳೆ. ನಾನು ಯಾರಿಗೂ ಗೊತ್ತಿಲ್ಲವೆಂದುಕೊಂಡಿದ್ದೆ.

'ವಾಪಸ್ ಕರ್ಕೊಂಡ್ ಬರಬೇಕು ಮಾವ.'

'ಹೂಂ' ಅಂದೆ. ಕೀ ಕೊಟ್ಟಳು.

ಫೆಬ್ರವರಿ ೧೨, ಟೀ ಅಂಗಡಿ

ಬೆಳಕು ಹರಿಯುವಾಗ ಬಿಟ್ಟೆವು. ಪುಟ್ಟಿ ಕೈ ಬೀಸಲಿಲ್ಲ, ಗೇಟು ಹಿಡಿದು ನಿಂತಿದ್ದಳು.

ಊರು ದಾಟಿತು. ನಾನು ಬಾಯಿ ತೆರೆದೆ. ಏನೂ ಇಲ್ಲ. ಲಾರಿ ಡ್ರೈವರುಗಳನ್ನು ಇಪ್ಪತ್ತು ವರ್ಷ ಮಾತಲ್ಲೇ ಕುಣಿಸಿದವನು, ಒಂದು ಮಾತು ಸಿಗುತ್ತಿಲ್ಲ. ಮರ ನೋಡಿ ಅನ್ನೋಣವೆಂದರೆ ಮರ ಬರೀ ಮರ. ಭಾವನ ಹೆಲ್ಮೆಟ್ಟಿನ ಹಿಂಭಾಗ ನೋಡುತ್ತಾ ಕೂತೆ. ಗಾಡಿ ನಿಧಾನಕ್ಕೆ ರಸ್ತೆಯ ಮಧ್ಯಕ್ಕೆ ಸರಿಯುತ್ತಿತ್ತು. ಎದುರಿಗೆ ಬಸ್ಸು. ಕೂಗಬೇಕು. ಕೂಗಲಿಲ್ಲ, ಭುಜ ಹಿಡಿದು ಎಡಕ್ಕೆ ಎಳೆದೆ. ಬಸ್ಸಿನ ಗಾಳಿ ಬಡಿದು ಹೋಯಿತು.

ಪಕ್ಕಕ್ಕೆ ನಿಲ್ಲಿಸಿದರು. ಇಂಜಿನ್ ಆಫ್ ಮಾಡಲಿಲ್ಲ. ತಿರುಗಿ ನೋಡದೆ ಹೇಳಿದರು.

'ಯಾಕೋ ಸುಮ್ನಿದೀಯ?'

'ಏನ್ ಮಾತಾಡ್ಲಿ ಭಾವ. ಏನೂ ತೋಚ್ತಾ ಇಲ್ಲ.'

'ಸುಳ್ಳು ಹೇಳು. ಅದು ಬರತ್ತಲ್ಲ ನಿನಗೆ.'

ಗಾಡಿ ಹೊರಟಿತು. ಹೇಳತೊಡಗಿದೆ. ಮರಳುಗಾಡಿನಲ್ಲಿ ಟೆಂಟು ಹಾಕಿದ್ದೆ ಭಾವ, ಆರು ತಿಂಗಳು. ಒಂದು ದಿನ ಎದ್ದು ನೋಡುತ್ತೇನೆ, ಟೆಂಟು ಇದೆ, ಮರಳುಗಾಡು ಇಲ್ಲ. ಗಾಳಿ ಟೆಂಟನ್ನು ನನ್ನ ಸಮೇತ ಎತ್ತಿಕೊಂಡು ಹೋಗಿದೆ. ಕೆಳಗೆ ನೋಡಿದರೆ ಯಾರದ್ದೋ ಹೊಲ, ಒಬ್ಬ ಮುದುಕ ಕತ್ತೆತ್ತಿ, ಏ ಇಳಿಯಯ್ಯಾ, ನೆರಳು ಬೀಳ್ತಾ ಇದೆ ಬೆಳೆ ಮೇಲೆ, ಅಂತ ಬಯ್ಯುತ್ತಿದ್ದಾನೆ. ಹೀಗೇ ಎಲ್ಲೆಲ್ಲಿಗೋ ಹೋಯಿತು ಕತೆ. ಎಡಕ್ಕೆ ಬನ್ನಿ ಭಾವ. ಗುಂಡಿ ಇದೆ. ಆ ಮುದುಕ ಕೋಲು ತಗೊಂಡ. ಪೆಟ್ರೋಲ್ ನೋಡಿ. ಗಾಡಿ ನೆಟ್ಟಗೆ ಎಡದಲ್ಲೇ ಓಡುತ್ತಿತ್ತು. ಭಾವನ ಬೆನ್ನು ಒಮ್ಮೆ ಅಲುಗಿತು. ಕೆಮ್ಮೋ ನಗುವೋ, ಗಾಳಿಯಲ್ಲಿ ತಿಳಿಯಲಿಲ್ಲ.

ಇಲ್ಲಿ ಟೀ ಕುಡಿಯಲು ನಿಲ್ಲಿಸಿದ್ದಾರೆ. ಲೋಟ ಬಿಸಿ ಇದೆ. ಸಕ್ಕರೆ ಜಾಸ್ತಿ ಹಾಕಿದ್ದಾನೆ ಅಂಗಡಿಯವನು.

ಭಾವ ಹೆಲ್ಮೆಟ್ ಹಾಕಿಕೊಂಡರು. ಕಿಕ್ ಹೊಡೆದರು. ಕರೆಯುತ್ತಿದ್ದಾರೆ.

'ಬಾರೋ, ಎಷ್ಟೊತ್ತು ಬರೀತೀಯ. ಆ ಮುದುಕ ಏನ್ಮಾಡ್ದ ಆಮೇಲೆ?'

ಬಂದೆ ಭಾವ, ಅಂದೆ. ಮುದುಕ ಏನು ಮಾಡಿದನೆಂದು ನನಗೇ ಇನ್ನೂ ಗೊತ್ತಿಲ್ಲ. ಸೀಟಿಗೆ ಹತ್ತುವಷ್ಟರಲ್ಲಿ ಏನಾದರೂ ಹುಟ್ಟಿಸಬೇಕು.