ಒಂದೇ ಕೈಗೆ ಬಿಚ್ಚುವ ಬಕಲ್

ರೀ,

ನಿಮ್ಮ ಮಗಳು ನಾಳೆ ಸಮುದ್ರಕ್ಕಿಳಿಯುತ್ತಾಳಂತೆ. ಉಸಿರು ಬಿಗಿಹಿಡಿದು ಮುಳುಗಿ ಈಟಿಯಲ್ಲಿ ಮೀನು ಹೊಡೆಯುವ ನಿಮ್ಮ ಹುಚ್ಚು ಅವಳಿಗೂ ಹಿಡಿದಿದೆ. ಬೇಡ ಅಂದೆ, ಕಣ್ಣೀರು ಹಾಕಿದೆ, ಊಟ ಬಿಟ್ಟೆ. ಯಾವುದೂ ನಡೆಯಲಿಲ್ಲ.

ಈಗಷ್ಟೇ ಅಡುಗೆಮನೆಗೆ ಬಂದು ಹೊಸ ಬೆಲ್ಟ್ ತೋರಿಸಿದಳು. ಕೆಳಗಿಳಿಯುವ ಭಾರಕ್ಕೆಂದು ಸೀಸದ ತುಂಡುಗಳನ್ನು ಪೋಣಿಸಿದ್ದಾಳೆ. ನಿಮ್ಮದರಂಥ ಬಟ್ಟೆಪಟ್ಟಿಯ ಬೆಲ್ಟು ಆಳದಲ್ಲಿ ಸಡಿಲವಾಗಿ ಜಾರುತ್ತದಂತೆ. ಅದಕ್ಕೇ ಇವಳು ರಬ್ಬರಿನದು ತಂದಿದ್ದಾಳೆ.

"ಅಪ್ಪನ ಥರ ಒಬ್ಬಳೇ ಹೋಗಲ್ಲಮ್ಮ. ನಾನು ಕೆಳಗಿದ್ರೆ ಗೆಳತಿ ಮೇಲಿಂದ ನೋಡ್ತಾ ಇರ್ತಾಳೆ. ಏನಾದ್ರೂ ಆದ್ರೆ ಇದನ್ನ ಹೀಗೆ ಎಳೆದ್ರಾಯ್ತು, ಭಾರ ಕಳಚಿ ಮೇಲೆ ಬಂದ್ಬಿಡ್ತೀನಿ."

ಒಂದೇ ಕೈಯಲ್ಲಿ ಬಕಲ್ ಎಳೆದಳು. ಬೆಲ್ಟು ಧಡ್ ಎಂದು ನೆಲಕ್ಕೆ ಬಿತ್ತು.

"ಇನ್ನೊಂದ್ಸಲ ಬಿಚ್ಚೇ," ಎಂದೆ.

ಬಿಚ್ಚಿದಳು. ಎಡಗೈಯಲ್ಲಿ ಬಿಚ್ಚು ಎಂದೆ. ಕಣ್ಣು ಮುಚ್ಚಿಕೊಂಡು ಬಿಚ್ಚು ಎಂದೆ. ಒಲೆಯ ಮುಂದಿನ ಟೈಲ್ಸ್ ಬಿರುಕು ಬಿಟ್ಟಿತು. ಕೆಳಗಿನ ಮನೆಯಾಕೆ ಮೆಟ್ಟಿಲು ಹತ್ತಿ ಬಂದು, "ಏನ್ರೀ, ಮನೆ ನಮ್ಮ ತಲೆ ಮೇಲೆ ಕೆಡವಬೇಕು ಅಂತಿದೀರಾ?" ಎಂದರು. ಮಗಳು ಬಾಯಿ ಮುಚ್ಚಿಕೊಂಡು ನಕ್ಕಳು. ನಾನು ಬಾಗಿಲು ಹಾಕಿ ಬಂದು, ಮತ್ತೆ ಕಟ್ಟಿಕೋ ಎಂದೆ.

"ಸಾಕಮ್ಮ, ನಂಗೆ ಬರುತ್ತೆ."

ನಿಮಗೂ ಬರುತ್ತಿತ್ತು. ನಿಮ್ಮನ್ನು ದಡಕ್ಕೆ ತಂದಾಗ ಬೆಲ್ಟು ಸೊಂಟದಲ್ಲೇ ಇತ್ತು. ಬಕಲ್ ಜಾರಿ ಬೆನ್ನಿಗೆ ಹೋಗಿತ್ತು. ಯಾರೂ ಮುಟ್ಟಲಿಲ್ಲವೆಂದು ನಾನೇ ಕೈ ಹಾಕಿದೆ. ಒಂದೇ ಸಲ ಎಳೆದೆ. ಬಂದುಬಿಟ್ಟಿತು, ರೀ.