ಗುಡ್ಡದ ಮೇಲಿನ ಸುರಹೊನ್ನೆ

ಕುಮಟಾ
17-11-2024

ಪ್ರೀತಿಯ ಮಾದೇವಕ್ಕನಿಗೆ,

ನಿನ್ನ ತಮ್ಮ ವಿಶ್ವನಾಥನ ನಮಸ್ಕಾರ. ಫೋನ್ ಮಾಡಿದಾಗಲೆಲ್ಲ ಎತ್ತದೆ ಕೂತದ್ದಕ್ಕೆ ಬೈಯಬೇಡ. ಬೈದರೂ ಆತು ಬಿಡು. ನಿನ್ನೂರು ಮಂಕಿಗೆ ಬಂದು ನಿನ್ನ ಎದುರು ಕೂತು ಹೇಳಲು ನಾಲಿಗೆ ಏಳುವುದಿಲ್ಲ, ಅದಕ್ಕೇ ಈ ಕಾಗದ. ಇಲ್ಲಿ ನಾವೆಲ್ಲ ಆರಾಮ.

ನೀನು ಕೇಳಿದ್ದು ಒಂದೇ ಮಾತು: "ಅವತ್ತು ಗುಡ್ಡದಲ್ಲಿ ಕೂಗಿದ್ದು ನಮ್ಮ ಮನೆಯವರೋ, ಬೇರೆ ಎಂತದೋ?"

ನಮ್ಮ ಕೆಲಸ ನಿನಗೆ ಗೊತ್ತಲ್ಲ. ಸುಷ್ಮಾ ಮೇಡಂ ಅವರ ಮರಗಣತಿ. ಸಮುದ್ರದಂಚಿನಿಂದ ಘಟ್ಟದ ನೆತ್ತಿಯವರೆಗೆ, ಯಾವ ಎತ್ತರಕ್ಕೆ ಎಷ್ಟು ಜಾತಿಯ ಮರ ಎಂದು ಲೆಕ್ಕ. ದೇವಪ್ಪ ಭಾವ ಮುಂದೆ ಹತ್ತಿ ಮರ ಗುರುತಿಸಿ ಹೆಸರು ಕೂಗುವುದು, ನಾನೂ ನನ್ನ ವಾರಿಗೆಯ ಗಿರೀಶನೂ ಕೆಳಗೆ ಕೂತು ಬರೆಯುವುದು. ನೆತ್ತಿ ಹತ್ತಿರವಾದಂತೆ ಮರ ಗಿಡ್ಡ, ಜಾತಿಯೂ ಕಡಿಮೆ, ನನ್ನ ಪೆನ್ನಿಗೆ ಪುರುಸೊತ್ತು. ಪ್ರತಿ ಹೆಸರನ್ನೂ ಭಾವ ಮೂರು ಸಲ ಕೂಗುತ್ತಿದ್ದರು. ಕಾಡಿನಲ್ಲಿ ಒಂದೇ ಸಲ ಕೂಗುವುದು ಮನುಷ್ಯರಲ್ಲ, ಅದಕ್ಕೆ ಓಗೊಡಬಾರದು ಎಂದು ಅಜ್ಜಿ ಹೇಳಿದ್ದು ನಿನಗೂ ನೆನಪಿರಬೇಕು.

ಅವತ್ತು ಬೆಳಿಗ್ಗೆ ಭಾವ ಹತ್ತಿಹೋದ ಮೇಲೆ ಮಂಜು ಇಳಿಯಿತು. ಹಕ್ಕಿಯೂ ಸುಮ್ಮನಾಯಿತು. ಹನ್ನೊಂದರ ಹೊತ್ತಿಗೆ ಮೇಲಿನಿಂದ ಭಾವನ ದನಿ ಬಂತು, "ಮುರುಗಲು." ಒಂದೇ ಸಲ. ಬಹಳ ಹೊತ್ತು ಬಿಟ್ಟು "ರಾಮಪತ್ರೆ." ಮತ್ತೆ "ಗೇರು."

"ಇಷ್ಟು ಮೇಲೆ ಗೇರು ಎಲ್ಲಿಂದ ಬಂತಾ ಮಾರಾಯಾ?" ಎಂದ ಗಿರೀಶ.

ಆಮೇಲೆ "ಸುರಹೊನ್ನೆ." ಅದು ಸಮುದ್ರದ ಮರಳಂಚಿನ ಮರ, ಅಕ್ಕ. ದನಿ ಭಾವನದೇ, ಆದರೆ ಎಲ್ಲೋ ನೆಲದೊಳಗಿಂದ ಬಂದ ಹಾಗೆ. ಹೆದರಿಕೆಯಲ್ಲೂ ರೂಢಿಬಿದ್ದ ಕೈ ಬರೆಯುತ್ತಲೇ ಇತ್ತು. ಕೊನೆಯಲ್ಲಿ ಬರೆದದ್ದು "ತೆಂಗು." ಮಂಜು ಹರಿದ ಮೇಲೆ ಹತ್ತಿ ನೋಡಿದರೆ ಭಾವ ಬಂಡೆಯ ಬುಡದಲ್ಲಿ ಬಿದ್ದಿದ್ದರು, ಜೀವ ಇರಲಿಲ್ಲ. ಬೆಳಿಗ್ಗೆಯೇ ಜಾರಿ ಬಿದ್ದು ತೀರಿಹೋಗಿದ್ದರು, ಕೂಗಿದ್ದು ಕಾಡಿನದು ಎಂದು ಊರಿಗೆಲ್ಲ ಹೇಳಿದವನು ನಾನೇ.

ಮೊನ್ನೆ ಸುಷ್ಮಾ ಮೇಡಂ ಪಟ್ಟಿ ನೋಡಿ, "ಆ ಎತ್ತರದಲ್ಲಿ ಇವು ಬೆಳೆಯುವುದಿಲ್ಲ ವಿಶ್ವಣ್ಣ. ಯಾರೋ ಗುಡ್ಡ ಇಳಿದು ಮನೆಗೆ ಹೋದ ಹಾಗಿದೆ ಇದು. ಹೊಡೆದುಹಾಕಿ" ಅಂದರು. ನನಗೆ ಕೈ ಬರಲಿಲ್ಲ. ಆ ಹಾಳೆಯನ್ನು ಇದರ ಜೊತೆಗೇ ಇಟ್ಟಿದ್ದೇನೆ.

ನಿನ್ನ ಮಗಳು ಚಂದನಾಗೆ ಪರೀಕ್ಷೆ ಹತ್ತಿರ ಬಂತು, ಚೆನ್ನಾಗಿ ಬರೆಯಲಿ, ಸೋದರಮಾವನ ಆಶೀರ್ವಾದ ಅವಳ ಮೇಲಿದೆ. ನೀನು ಹೊತ್ತುಹೊತ್ತಿಗೆ ಉಣ್ಣು.

ನಿನ್ನ ತಮ್ಮ,
ವಿಶ್ವನಾಥ

ತಾ.ಕ.: ಡಾಕ್ಟರು ಹೇಳಿದ್ದನ್ನು ನಿನ್ನಿಂದ ಮುಚ್ಚಿಟ್ಟಿದ್ದೆ. ಸೊಂಟ ಮುರಿದು ಬಿದ್ದ ಭಾವ ಮಧ್ಯಾಹ್ನದವರೆಗೂ ಬದುಕಿದ್ದರಂತೆ. ಕೂಗಿದ್ದು ಅವರೇ. ಮೂರು ಸಲ ಕೂಗುವಷ್ಟು ಉಸಿರು ಇರಲಿಲ್ಲ, ಅಷ್ಟೇ. ತೆಂಗಿನ ನಂತರ ಇನ್ನೊಂದು ಹೆಸರು ಕೂಗಿದರು. ಮರದ್ದಲ್ಲ ಎಂದು ನಾನು ಬರೆಯಲಿಲ್ಲ. ಅದು ನಿನ್ನ ಹೆಸರು, ಅಕ್ಕ. ಗಿರೀಶ ಓಗೊಡಲು ಬಾಯಿ ತೆರೆದಿದ್ದ. ನಾನೇ ಅವನ ಬಾಯಿ ಅದುಮಿ ಹಿಡಿದೆ.